ಕಣ್ಣಳತೆಯ ಹೊಸ ಆವೃತ್ತಿ

ನಮ್ಮ ಹೊಲಿಗೆ ಅಂಗಡಿಗೆ ಎರಡು ವಿಷಯದಲ್ಲಿ ಹೆಸರಿತ್ತು. ಒಂದು, ನಾನು ಟೇಪು ಮುಟ್ಟದೆ ಬರಿಗಣ್ಣಿನಲ್ಲೇ ಅಳತೆ ಹೇಳುತ್ತಿದ್ದೆ. ಎರಡು, ಬಂದ ಪ್ರತಿ ಗಿರಾಕಿಗೂ ಒಂದು ಲೋಟ ನೀರು ಕೊಡುತ್ತಿದ್ದೆ. ಮೊದಲನೆಯದನ್ನು ಜನ ದೈವದತ್ತ ಎನ್ನುತ್ತಿದ್ದರು, ಎರಡನೆಯದನ್ನು ಸಂಸ್ಕಾರ ಎನ್ನುತ್ತಿದ್ದರು. ಎರಡಕ್ಕೂ ಒಂದಕ್ಕೊಂದು ನಂಟಿದೆ ಎಂಬ ಗುಟ್ಟು ನನಗೊಬ್ಬನಿಗೇ ಗೊತ್ತು ಎಂದು ನಾನು ಆರು ವರ್ಷ ನಂಬಿಕೊಂಡಿದ್ದೆ.

ಕಣ್ಣಳತೆ ನಿಜವಾಗಿ ಇದ್ದದ್ದು ನಮ್ಮಪ್ಪನಿಗೆ. ರಸ್ತೆಯ ಆ ಬದಿಯಲ್ಲಿ ಹೋಗುವವನನ್ನು ನೋಡಿ, "ಎಡಭುಜ ಕಾಲಿಂಚು ಇಳಿದಿದೆ, ಹೊಸ ಕೆಲಸದಲ್ಲಿ ಚೀಲ ಹೊರಿಸ್ತಿದಾರೆ ಪಾಪ" ಎನ್ನುತ್ತಿದ್ದರು. ವಿಚಾರಿಸಿದರೆ ಹೌದಾಗಿರುತ್ತಿತ್ತು. ಟೇಪು ಹಿಡಿದ ದರ್ಜಿಯನ್ನು ಕಂಡರೆ ಅವರಿಗೆ ತಾತ್ಸಾರ. "ಇವನು ಮನುಷ್ಯನ್ನ ಅಳೀತಾನೋ, ಸೈಟು ಅಳೀತಾನೋ?" ಎಂದು ಕೇಳುತ್ತಿದ್ದರು. ಇಂಥವರ ಮಗನಾಗಿ ಹುಟ್ಟಿ, ನನಗೆ ಮಾತ್ರ ಎದುರಿಗೆ ನಿಂತ ಮನುಷ್ಯ ದಪ್ಪವೋ ತೆಳ್ಳಗೋ ಎನ್ನುವುದಕ್ಕಿಂತ ಹೆಚ್ಚಿನದೇನೂ ಕಾಣುತ್ತಿರಲಿಲ್ಲ.

ನನ್ನ ಮಾನ ಕಾಪಾಡಿದ್ದು ಅಂಗಡಿಯ ಹಿಂಬದಿಯಲ್ಲಿ, ಬಟ್ಟೆಯ ಪರದೆಯ ಹಿಂದಿದ್ದ ಕಂಪ್ಯೂಟರು. ಅದಕ್ಕೆ ಪ್ರೋಗ್ರಾಂ ಬರೆದುಕೊಟ್ಟವರು ಅಪ್ಪನ ಗೆಳೆಯ ರೇಡಿಯೋ ಮಾಮ. ಊರಿನ ರೇಡಿಯೋಗಳೆಲ್ಲ ಮೂಲೆ ಸೇರಿ ರಿಪೇರಿಗೆ ಬರುವುದು ನಿಂತ ಮೇಲೆ, ಅವರು ಅಂಚೆಯಲ್ಲಿ ಪಾಠ ತರಿಸಿಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದರು. ಅವರು ಬರೆದ ಮೊದಲನೆಯ ಪ್ರೋಗ್ರಾಮೂ ನಮ್ಮದೇ, ಕೊನೆಯದೂ ನಮ್ಮದೇ. ಕಪ್ಪು ಪರದೆ, ಹಸಿರು ಅಕ್ಷರ. ತೆರೆದ ಕೂಡಲೇ ಹಳೇ ರೇಡಿಯೋ ಬಿಸಿಯಾಗುವ ಹಾಗೆ "ಟೊಂಯ್ಯ್" ಎಂದು ಒಂದು ಸದ್ದು. ಗಿರಾಕಿ ಯಾರೆಂದು ಒತ್ತಿದರೆ ಅವರ ಅಳತೆ, ಅದರ ಕೆಳಗೆ ಒಂದು ಟಿಪ್ಪಣಿ.

ಅಪ್ಪನಿಗೆ ಕೈ ನಡುಗಿ ಕತ್ತರಿ ಹಿಡಿಯಲಾಗದ ಕೊನೆಯ ವರ್ಷ, ಊಟವಾದ ಮೇಲೆ ಅವರು ಪರದೆಯ ಹಿಂದೆ ಹೋಗಿ ಕೂರುತ್ತಿದ್ದರು. ಜೊತೆಗೆ ನನ್ನ ಹೆಂಡತಿ. ಅವರು ಗುನುಗುನು ಎನ್ನುವುದು, ಅವಳು ಟಕಟಕ ಒತ್ತುವುದು. ನಾನು ಮುಂದೆ ಮಿಷನ್ನು ತುಳಿಯುತ್ತಾ, ಮಾವ ಸೊಸೆ ಸೇರಿ ಇಸ್ಪೀಟು ಆಡುತ್ತಿದ್ದಾರೆ ಎಂದುಕೊಂಡಿದ್ದೆ. ಅಪ್ಪ ಹೋಗಿ ತಿಂಗಳಾದ ಮೇಲೆ, ಅದೇ ಇಸ್ಪೀಟು ಹುಡುಕಲು ಹೋಗಿ ಪ್ರೋಗ್ರಾಂ ತೆರೆದೆ. ಇಸ್ಪೀಟು ಇರಲಿಲ್ಲ. ಇಡೀ ಊರಿನ ಭುಜ, ಬೆನ್ನು, ಸೊಂಟ ಅಲ್ಲಿತ್ತು. ಮುಂದಿನ ಹತ್ತು ವರ್ಷದಲ್ಲಿ ಯಾರ ಸೊಂಟ ಎಷ್ಟು ಹಿಗ್ಗುತ್ತದೆ ಎಂಬ ಭವಿಷ್ಯವೂ ಇತ್ತು.

ಅಂದಿನಿಂದ ನನ್ನ ನೀರಿನ ಸೇವೆ ಶುರುವಾಯಿತು. ಗಿರಾಕಿ ಬಂದ ಕೂಡಲೇ "ಕೂತ್ಕೊಳಿ, ನೀರು ತರ್ತೀನಿ" ಎಂದು ಪರದೆಯ ಹಿಂದೆ ಹೋಗುವುದು, ಟೊಂಯ್ಯ್, ಓದಿಕೊಳ್ಳುವುದು, ನೀರು ತಂದುಕೊಟ್ಟು ಅವರನ್ನು ಕನ್ನಡಕದ ಮೇಲಿಂದ ನೋಡಿ "ಎದೆ ನಲವತ್ತು, ಬಲತೋಳು ಒಂದು ಕೂದಲು ಉದ್ದ" ಎನ್ನುವುದು. "ಅಪ್ಪನ್ನ ಮೀರಿಸಿದ ಮಗ!" ಎನ್ನುತ್ತಿದ್ದರು ಜನ. ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಕದ್ದವನಿಗೆ ವಿನಯ ಸುಲಭವಾಗಿ ಬರುತ್ತದೆ.

ಹೀಗೇ ಇದ್ದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದ ಔಷಧಿ ಅಂಗಡಿಯವರು ತಮ್ಮ ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಹಾಕಿಸಿದರು. "ಬೆಳಿಗ್ಗೆ ಬಾಗಿಲು ತೆಗೆದ್ರೆ ಅದೇ ನಮಸ್ಕಾರ ಹೇಳತ್ತೆ ಮಾಸ್ಟ್ರೇ. ನಿಮ್ಮದು ಇನ್ನೂ ಹಳೇದೇ?" ಎಂದು ಕೇಳಿದರು. "ಹಳೇದೇ" ಎಂಬ ಮಾತನ್ನು ಅವರು ಹಳಸಿದ ಅನ್ನದ ಬಗ್ಗೆ ಹೇಳುವ ಹಾಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನವೇ ನನ್ನ ಹೆಂಡತಿಯ ತಮ್ಮನನ್ನು ಕರೆಸಿದೆ. ಕಂಪ್ಯೂಟರಿನ ವಿಷಯದಲ್ಲಿ ಅವನಿಗೆ ತಿಳಿಯದ್ದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

"ಭಾವ, ಎಲ್ಲಾ ಹಾಗೇ ಇರತ್ತೆ. ಹೊಸ ಬಣ್ಣ ಬಳಿದ ಮನೆ ಹಾಗೆ" ಎಂದ.

"ರೇಡಿಯೋ ಮಾಮನ್ನ ಒಂದು ಮಾತು ಕೇಳಬಾರ್ದೇ?" ಎಂದಳು ನನ್ನವಳು.

"ಮಾಮನಿಗೆ ಎಪ್ಪತ್ತೆಂಟು ವರ್ಷ. ಕಿವಿ ಕೇಳಲ್ಲ. ಇದೆಲ್ಲ ಅವರಿಗೇನು ಗೊತ್ತಾಗತ್ತೆ?" ಎಂದೆ. ಔಷಧಿಯವರು ನೋಡುತ್ತಿರುವಾಗಲೇ, ಧ್ವಜ ಹಾರಿಸುವ ಮಂತ್ರಿಯ ಗತ್ತಿನಲ್ಲಿ, "ಈಗಲೇ" ಎಂಬ ಗುಂಡಿ ಒತ್ತಿದೆ.

ಎರಡು ಗಂಟೆ ಅದು ಸುತ್ತಿತು, ಸತ್ತಿತು, ಮತ್ತೆ ಎದ್ದಿತು. ನೀಲಿ ಬಣ್ಣ ಬಂತು, ಯಾವುದೋ ಬೆಟ್ಟದ ಚಿತ್ರ ಬಂತು, ನಮಸ್ಕಾರವೂ ಬಂತು. ನಾನು ಅಪ್ಪನ ಪ್ರೋಗ್ರಾಮನ್ನು ಒತ್ತಿದೆ. ಟೊಂಯ್ಯ್ ಬರಲಿಲ್ಲ. ಬದಲಿಗೆ ಒಂದು ಬಿಳಿ ಚೌಕ ಬಂತು. "ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಇದನ್ನು ತಯಾರಿಸಿದವರನ್ನು ಸಂಪರ್ಕಿಸಿ."

ತಯಾರಿಸಿದವರು ಎರಡು ಬೀದಿಯಾಚೆ, ಕಿವಿ ಕೇಳದೆ, ನಾನು ಅವರ ಬಗ್ಗೆ ಏನಂದೆ ಎಂಬುದನ್ನು ತಿಳಿಯದೆ ಕೂತಿದ್ದರು.

"ಹಿಂದಕ್ಕೆ ತಗೊಂಡು ಹೋಗೋ" ಎಂದೆ ಭಾವಮೈದನಿಗೆ.

"ಹಿಂದಕ್ಕೆಲ್ಲ ಹೋಗಕ್ಕಾಗಲ್ಲ ಭಾವ. ಕಾಲ ಮುಂದೇ ಹೋಗೋದು" ಎಂದು ವೇದಾಂತ ಹೇಳಿ, ಚಹಾ ಕುಡಿದು ಅವನು ಹೊರಟುಹೋದ.

ಸರಿಯಾಗಿ ಆಗಲೇ ಬಂದವರು ನಗರಸಭೆಯ ಗುಮಾಸ್ತರು. ಕೈಯಲ್ಲಿ ಬೂದುಬಣ್ಣದ ಬಟ್ಟೆ. "ಶನಿವಾರ ನನ್ನ ನಿವೃತ್ತಿ ಮಾಸ್ಟ್ರೇ. ಕೆಲಸಕ್ಕೆ ಸೇರಿದ ದಿನದ ಕೋಟು ನಿಮ್ಮಪ್ಪ ಹೊಲಿದಿದ್ರು. ಬಿಡೋ ದಿನದ ಕೋಟು ನೀವೇ ಹೊಲೀಬೇಕು. ಕಚೇರಿ ಗೋಡೆಗೆ ಫೋಟೋ ಹಾಕ್ತಾರೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಅವರಿಗೆ ನೀರು ತರಲು ಪರದೆಯ ಹಿಂದೆ ಹೋದೆ. ಬೆಟ್ಟದ ಚಿತ್ರ. ನೀರು ಕೊಟ್ಟೆ, ಅವರನ್ನು ನೋಡಿದೆ, ಏನೂ ಹೊಳೆಯಲಿಲ್ಲ. "ಇನ್ನೊಂದು ಲೋಟ ತರ್ತೀನಿ" ಎಂದೆ. ಬಿಳಿ ಚೌಕ. ಮೂರನೆಯ ಲೋಟ ತರುವ ಹೊತ್ತಿಗೆ ಅವರು "ಸಾಕು ಮಾಸ್ಟ್ರೇ" ಎಂದರು. ನಾಲ್ಕನೆಯದನ್ನು ನನ್ನ ಮುಖ ನೋಡಿ, ಬೇಡ ಎನ್ನಲಾಗದೆ ಕುಡಿದರು. ಆಮೇಲೆ ನಾನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. ಗೋಡೆಯ ಮೇಲಿದ್ದ ಅಪ್ಪನ ಫೋಟೋದ ಕಡೆ ಬೆನ್ನು ಮಾಡಿ, ಮೇಜಿನ ಖಾನೆಯಿಂದ ಟೇಪು ತೆಗೆದೆ.

ಗುಮಾಸ್ತರ ಮುಖ ಬಿಳಿಚಿತು. "ಮಾಸ್ಟ್ರೇ, ನಿಮಗೇನಾಯ್ತು?"

"ಏನಿಲ್ಲ. ಸ್ವಲ್ಪ... ಸರಿಯಾಗಿ ಕಾಣ್ತಿಲ್ಲ" ಎಂದುಬಿಟ್ಟೆ. ಕಂಪ್ಯೂಟರಿನ ಪರದೆಯ ಮೇಲೆ ಎನ್ನುವುದನ್ನು ನುಂಗಿಕೊಂಡೆ.

ಅಷ್ಟೇ ಸಾಕಾಯಿತು. ಗುಮಾಸ್ತರು ಹೊರಗೆ ಹೋಗಿ ಔಷಧಿಯವರಿಗೆ ಹೇಳಿದರು, ಔಷಧಿಯವರು ತಲೆನೋವಿನ ಮಾತ್ರೆಗೆ ಬಂದವರಿಗೆಲ್ಲ ಅದನ್ನೂ ಸೇರಿಸಿ ಕೊಟ್ಟರು. ಸಂಜೆಯೊಳಗೆ ನನ್ನ ಎರಡೂ ಕಣ್ಣು ಹೋಗಿದ್ದವು. ನಮ್ಮ ಬೀದಿಯ ಬೇಕರಿಯವರು ಬಂದು, ಮಾತಾಡದೆ, ನನ್ನ ಕೈಯಿಂದ ಕತ್ತರಿ ಬಿಡಿಸಿ ಎತ್ತರದ ಕಪಾಟಿನಲ್ಲಿಟ್ಟು ಹೋದರು. ಹೆಂಡತಿ ತೀರಿಕೊಂಡ ಮೇಲೆ ಆ ಮನುಷ್ಯ ಮಾತಾಡುವುದೇ ಕಡಿಮೆ.

ಕಣ್ಣು ಸರಿಯಿದೆ ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಿದರೆ, ಮತ್ತೆ ಟೇಪು ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಿದರೆ ಆರು ವರ್ಷದ ಕಣ್ಣಳತೆ ಬೀದಿಗೆ ಬೀಳುತ್ತದೆ. ಕುರುಡನಾದರೆ ಜನ ಕನಿಕರ ತೋರಿಸುತ್ತಾರೆ, ಕಳ್ಳನಾದರೆ ಅಂಗಡಿಗೆ ಬೀಗವೇ. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎಂಬ ಸ್ಥಿತಿ.

ಔಷಧಿಯವರು ನನ್ನನ್ನು ಕೈಹಿಡಿದು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರು. ನಾನು ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರವನ್ನೂ ಓದಿದೆ, ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿದ್ದ ಮುದ್ರಕರ ವಿಳಾಸವನ್ನೂ ಓದಿದೆ. "ಕನ್ನಡಕ ಹಾಕ್ಕೊಂಡ್ರೆ ಇವರ ದೃಷ್ಟಿ ನೂರಕ್ಕೆ ನೂರು" ಎಂದರು ಡಾಕ್ಟರು. ಔಷಧಿಯವರು ಹೊರಗೆ ಬಂದು ಕಾದಿದ್ದವರಿಗೆ ಗಂಭೀರವಾಗಿ ಹೇಳಿದರು: "ಡಾಕ್ಟರಿಗೂ ಸಿಗದ ಕಾಯಿಲೆಯಂತೆ."

ಮಾರನೆಯ ಬೆಳಿಗ್ಗೆ ಅಪ್ಪನ ತಂಗಿ, ನನ್ನ ಸೋದರತ್ತೆ, ದೊಡ್ಡ ಪೆಟ್ಟಿಗೆ ಸಮೇತ ಬಂದಿಳಿದರು. ಬಾಗಿಲಲ್ಲೇ ಕೈ ಎತ್ತಿ, "ಇದು ಎಷ್ಟು ಹೇಳು ಕಂದಾ?" ಎಂದರು.

"ಮೂರು ಬೆರಳು ಅತ್ತೆ."

"ಅಯ್ಯೋ, ಚಿಕ್ಕವನಿದ್ದಾಗ ಯಾವಾಗ್ಲೂ ಮೂರೇ ತೋರಿಸ್ತಿದ್ದೆ. ಪಾಪ, ನೆನಪಿಂದ ಹೇಳ್ತಿದೆ ಮಗು!" ಎಂದು ನನ್ನನ್ನು ತಬ್ಬಿಕೊಂಡು ಅತ್ತರು. ಐವತ್ತಮೂರು ವರ್ಷದ ಮಗು ಅವರ ಹೆಗಲ ಮೇಲಿಂದ ಹೆಂಡತಿಯನ್ನು ನೋಡಿತು. ಹೆಂಡತಿ ಮುಖ ತಿರುಗಿಸಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು ಎಂದು ಈಗ ಅನಿಸುತ್ತದೆ.

ಗುಮಾಸ್ತರ ಕೋಟನ್ನು ಮಾತ್ರ ನಾನು ಬಿಡಲಿಲ್ಲ. ಕಪಾಟಿನಿಂದ ಕತ್ತರಿ ಇಳಿಸಿ, ಟೇಪಿನ ಅಳತೆಯಂತೆ ಕತ್ತರಿಸಿ, ಅಪ್ಪ ಕಲಿಸಿದ ಹಾಗೆ ಒಳಗೆ ಹೆಚ್ಚಿನ ಬಟ್ಟೆ ಬಿಟ್ಟು ಕಚ್ಚಾ ಹೊಲಿಗೆ ಹಾಕಿದೆ. ಗುರುವಾರ ಅವರು ತೊಟ್ಟು ನೋಡಲು ಬಂದರು. ಭುಜ ಕೂತಿತು, ತೋಳು ಕೂತಿತು. ಹೊಟ್ಟೆಯ ಹತ್ತಿರ ಗುಂಡಿಗೂ ಕಾಜಕ್ಕೂ ಎರಡಿಂಚಿನ ವಿರಹ. ಅವರು ಕನ್ನಡಿಯಲ್ಲಿ ನೋಡಿಕೊಂಡು, ನನ್ನ ಬೆನ್ನು ತಟ್ಟಿದರು.

"ಬೇಜಾರು ಮಾಡ್ಕೋಬೇಡಿ ಮಾಸ್ಟ್ರೇ. ಕಣ್ಣು ಹೋದ ಮೇಲೂ ಇಷ್ಟು ಹತ್ತಿರ ಬಂದಿದೀರಲ್ಲ, ಅದೇ ದೊಡ್ಡದು" ಎಂದರು. ಆಮೇಲೆ ಜೇಬಿನಿಂದ ಒಂದು ಅರ್ಜಿ ತೆಗೆದರು. ದೃಷ್ಟಿ ಕಳೆದುಕೊಂಡವರಿಗೆ ಕೊಡುವ ಪ್ರಮಾಣಪತ್ರದ್ದು. "ಇದು ನನ್ನ ಕೊನೇ ಸರ್ಕಾರಿ ಕೆಲಸ. ನಿಮಗೇ ಮಾಡಿಕೊಟ್ಟು ಹೋಗೋಣ ಅಂತ. ಇಲ್ಲೊಂದು ರುಜು ಹಾಕಿ."

ಯಾವ ಬಾಯಲ್ಲಿ ಬೇಡ ಎನ್ನಲಿ? ಗೆರೆಯ ಮೇಲೆ ನೀಟಾಗಿ ರುಜು ಹಾಕಿದೆ. "ಆಹಾ, ಅಂದಾಜಿನಲ್ಲೇ ಎಷ್ಟು ನೇರ ಹಾಕಿದ್ರಿ!" ಎಂದು ಅವರು ಕಣ್ಣೊರೆಸಿಕೊಂಡರು. ನನಗೆ ಅಲ್ಲೇ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಅದೇ ಮಧ್ಯಾಹ್ನ ಭಾವಮೈದ ಪಶ್ಚಾತ್ತಾಪದಿಂದ ಓಡಿಬಂದ. ತನ್ನ ಹೊಸ ವ್ಯವಸ್ಥೆಯ ಬೆಳಕಿನಿಂದಲೇ ನನ್ನ ಕಣ್ಣು ಹೋಯಿತು ಎಂದು ಯಾರೋ ಅವನಿಗೆ ಹೇಳಿದ್ದರು. ಪ್ರಾಯಶ್ಚಿತ್ತವಾಗಿ ಅವನು ಕಂಪ್ಯೂಟರಿನ ಅಕ್ಷರಗಳನ್ನೆಲ್ಲ ಹಿಗ್ಗಿಸಿ ಒಂದೊಂದನ್ನೂ ಅಂಗೈಯಷ್ಟು ಅಗಲ ಮಾಡಿದ. ಪರದೆಯ ಹಿಂದೆ ಕತ್ತಲು ಎಂದು ಅದನ್ನು ತಂದು ಮುಂದಿನ ಮೇಜಿನ ಮೇಲೆ, ಬೀದಿಗೆ ಮುಖ ಮಾಡಿ ಇಟ್ಟ. ಇವೆಲ್ಲ ಮುಗಿಯುವ ಹೊತ್ತಿಗೆ ನನ್ನ ಹೆಂಡತಿ, ನನ್ನನ್ನು ಕೇಳದೆ, ರೇಡಿಯೋ ಮಾಮನನ್ನು ಕರೆದುಕೊಂಡು ಬಂದಳು.

ಮಾಮ ಬಗ್ಗಿಕೊಂಡು, ಕೋಲೂರಿಕೊಂಡು, ಹಳೇ ಚರ್ಮದ ಚೀಲ ತೂಗುಹಾಕಿಕೊಂಡು ಬಂದರು. ಅವರನ್ನು ನೋಡಲು ಔಷಧಿಯವರು, ಅವರ ಹೆಂಡತಿ, ಬೇಕರಿಯವರು ಎಲ್ಲ ಬಂದು ನಿಂತರು. ಗುಮಾಸ್ತರು ಇನ್ನೂ ಹೋಗಿರಲಿಲ್ಲ. ಅತ್ತೆ ನನ್ನ ಕೈ ಬಿಟ್ಟಿರಲಿಲ್ಲ.

ಮಾಮ ಬಿಳಿ ಚೌಕವನ್ನು ಓದಿದರು. "ತಯಾರಿಸಿದವರನ್ನು ಸಂಪರ್ಕಿಸಿ ಅಂತ ಬರೆದಿದೆಯಲ್ಲೋ. ಓದಕ್ಕೆ ಬರಲ್ವೇನೋ ನಿಂಗೆ?"

"ಮಾಮ, ಮನೆಗೆ ತಗೊಂಡು ಹೋಗಿ ನೋಡೋಣ" ಎಂದು ಅವರ ಕಿವಿಯಲ್ಲಿ ಹೇಳಿದೆ.

"ಆಂ? ಜೋರಾಗಿ ಹೇಳು."

ಹೇಗೆ ಜೋರಾಗಿ ಹೇಳಲಿ! ಮಾಮ ಆಗಲೇ ಕೂತಾಗಿತ್ತು. "ನನ್ನ ಪ್ರೋಗ್ರಾಂ ಸತ್ತಿದೆ, ಹೋಗ್ಲಿ. ಅದಕ್ಕೂ ವಯಸ್ಸಾಯ್ತು. ಆದ್ರೆ ನಿಮ್ಮಪ್ಪ ಹೇಳಿ ಬರೆಸಿದ್ದು ಬೇರೆ ಕಡತದಲ್ಲಿದೆ, ಬರೀ ಅಕ್ಷರ. ಅದು ಯಾವ ಕಾಲಕ್ಕೂ ತೆರೆಯತ್ತೆ" ಎಂದು ಎರಡು ಬಾರಿ ಟಕಟಕ ಎನ್ನಿಸಿದರು. ಬೆಟ್ಟದ ಚಿತ್ರ ಮಾಯವಾಗಿ ಬಿಳಿ ಹಾಳೆ ಬಂತು. ಅದರ ಮೇಲೆ, ಎದುರು ಬೀದಿಯಲ್ಲಿ ನಿಂತವರೂ ಓದುವಂತೆ, ಅಪ್ಪ ಬಂದರು. ಬೀದಿಯ ಆ ತುದಿಯಿಂದ ಶುರುಮಾಡಿ ಒಂದೊಂದೇ ಬಾಗಿಲು ಹತ್ತಿಳಿಯುತ್ತಾ ಬಂದರು. ಕಿವಿ ಕೇಳದ ಮಾಮ ಗಟ್ಟಿಯಾಗಿ ಓದತೊಡಗಿದರು.

"ನಗರಸಭೆ ಗುಮಾಸ್ತ. ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾನೆ. ಎರಡಿಂಚು ಸೇರಿಸು. ಹೇಳಬೇಡ."

ಎಲ್ಲರೂ ಗುಮಾಸ್ತರ ಹೊಟ್ಟೆಯ ಕಡೆ ನೋಡಿದರು. ಗುಮಾಸ್ತರು ತಕ್ಷಣ ಅದನ್ನು ಒಳಗೆಳೆದುಕೊಂಡರು. ಬೀದಿಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಔಷಧಿಯವರು.

"ಔಷಧಿ ಅಂಗಡಿ. ಪ್ಯಾಂಟಿಗೆ ಒಳಗಡೆ ಒಂದು ಜೇಬು ಹೆಚ್ಚಿಗೆ. ಸಕ್ಕರೆ ಕಾಯಿಲೆ ಇದೆ, ಮಿಠಾಯಿ ಬಚ್ಚಿಡುತ್ತಾನೆ. ಹೆಂಡತಿಗೆ ಗೊತ್ತಿಲ್ಲ. ಹೇಳಬೇಡ."

ಔಷಧಿಯವರ ನಗು ಅರ್ಧಕ್ಕೇ ನಿಂತಿತು. ಅವರ ಹೆಂಡತಿ ಕೈ ಚಾಚಿದರು. ಅವರು ತಲೆ ತಗ್ಗಿಸಿ ಪ್ಯಾಂಟಿನೊಳಗೆ ಕೈ ಹಾಕಿ, ಕೆಂಪು ಕಾಗದದ ಎರಡು ಮಿಠಾಯಿ ತೆಗೆದು ಅಂಗೈ ಮೇಲಿಟ್ಟರು.

"ಬೇಕರಿ." ಮಾಮ ದನಿ ತಗ್ಗಿಸಿ ಓದಿದರು. ಅವರ ತಗ್ಗಿದ ದನಿಯೂ ಎಲ್ಲರಿಗೂ ಕೇಳುವಷ್ಟಿತ್ತು. "ಹೆಂಡತಿ ಹೋದ ಮೇಲೆ ಎರಡಿಂಚು ಇಳಿದಿದ್ದಾನೆ. ಹಳೇ ಅಳತೆಗೇ ಹೊಲಿ. ಬಟ್ಟೆ ಸಡಿಲವಾದರೆ ಊಟ ಮಾಡಬೇಕು ಅನಿಸುತ್ತದೆ. ತುಂಬಿಕೊಳ್ಳುತ್ತಾನೆ. ಹೇಳಬೇಡ."

ಬೇಕರಿಯವರು ತಮ್ಮ ಅಂಗಿಯನ್ನು ನೋಡಿಕೊಂಡರು. ಅದು ಈಗ ಅವರ ಮೈಗೆ ಸರಿಯಾಗಿತ್ತು. ಆರು ವರ್ಷದಲ್ಲಿ ನಾನು ಅವರಿಗೆ ಏಳು ಅಂಗಿ ಹೊಲಿದಿದ್ದೆ, ಪ್ರತಿ ಸಲವೂ ಈ ಸಾಲು ಓದಿ. ಆದರೆ ಅದನ್ನು ಓದಿದ್ದು ಅಳತೆ ಎಂದೇ.

"ತಂಗಿ" ಎಂದು ಓದಿದರು ಮಾಮ. ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. "ತೋಳು ಉದ್ದ ಇಡು. ಮೊಣಕೈ ಮೇಲಿನ ಸುಟ್ಟ ಕಲೆ ನನ್ನ ಇಸ್ತ್ರಿಪೆಟ್ಟಿಗೆಯಿಂದ ಆದದ್ದು. ಅಂದು ಅವಳು ಅಮ್ಮನಿಗೆ ಹೇಳಲಿಲ್ಲ. ನೀನೂ ಹೇಳಬೇಡ."

"ಅಯ್ಯೋ ಅಣ್ಣಾ" ಎಂದರು ಅತ್ತೆ. ಅರವತ್ತು ವರ್ಷ ಮುಚ್ಚಿಟ್ಟ ಮೊಣಕೈಯನ್ನು ಸೆರಗಿನಿಂದ ಹೊರತೆಗೆದು ತಾವೇ ಒಮ್ಮೆ ಸವರಿಕೊಂಡರು.

ಅಪ್ಪ ಆಗಲೇ ನಮ್ಮ ಅಂಗಡಿಯ ಬಾಗಿಲಿಗೆ ಬಂದಾಗಿತ್ತು. ಕೊನೆಯಲ್ಲಿ ಒಂದೇ ಒಂದು ಉಳಿದಿತ್ತು. ನಾನು ಅದನ್ನು ಯಾವತ್ತೂ ನೋಡಿರಲಿಲ್ಲ. ಯಾರೆಂದು ಒತ್ತಿದರೆ ಅವರದ್ದೇ ಬರುವ ಪ್ರೋಗ್ರಾಂ ಅದು. ನನ್ನ ಅಳತೆಯನ್ನು ನಾನೇಕೆ ಹುಡುಕಲಿ?

"ಮಗ" ಎಂದು ಓದಿ ಮಾಮ ನನ್ನ ಕಡೆ ತಿರುಗಿದರು. ಮುಂದಿನದನ್ನು ಓದಲಿಲ್ಲ. ಅಕ್ಷರ ಅಷ್ಟು ದೊಡ್ಡದಿತ್ತಲ್ಲ, ಎಲ್ಲರೂ ತಾವೇ ಓದಿಕೊಂಡರು.

"ಮಗ. ಎದೆ ಮೂವತ್ತೆಂಟು. ಹೊಲಿಗೆ ನನಗಿಂತ ಚೆನ್ನ. ಕಣ್ಣಳತೆ ಇಲ್ಲ. ಟೇಪು ಹಿಡಿಯಲು ನಾಚಿಕೆ, ಅದು ನನ್ನ ತಪ್ಪು. ಈ ಪಟ್ಟಿ ಅವನಿಗೆ. ತಾನೇ ಹುಡುಕಿಕೊಂಡೆ ಅಂದುಕೊಳ್ಳಲಿ. ಹೇಳಬೇಡ."

ಹೇಳಬೇಡ, ಹೇಳಬೇಡ ಎಂದು ಅಪ್ಪ ಹೇಳಿದ್ದು ನನಗೆ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಅದನ್ನೆಲ್ಲ ಒತ್ತಿದವಳು ಪರದೆಯ ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದಳು. ಆರು ವರ್ಷ ನಾನು ಕದ್ದು ಓದುವುದನ್ನು ನೋಡಿದ್ದಳು, ದಿನಾ ಬೆಳಿಗ್ಗೆ ಹೂಜಿ ತುಂಬಿ ಇಟ್ಟಿದ್ದಳು, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

"ಹಾಗಾದ್ರೆ ನಿನ್ನ ಕಣ್ಣು ಸರಿಯಾಗಿದೆಯೇನೋ?" ಎಂದರು ಅತ್ತೆ.

"ಸರಿಯಾಗಿದೆ ಅತ್ತೆ."

"ಮತ್ತೆ ಯಾಕೋ ಹೀಗೆ ಸೋರ್ತಿದೆ?"

ಅಪ್ಪ ಬೇಕು ಎನಿಸಿತು. ಬೇರೇನೂ ಅಲ್ಲ, ಒಂದೇ ಒಂದು ಸಲ ಅವರು ಆ ಪರದೆ ಸರಿಸಿಕೊಂಡು ಹೊರಗೆ ಬಂದು, ನನ್ನ ಕೈಯಲ್ಲಿರುವ ಟೇಪು ನೋಡಿ ಬೈಯಬೇಕಿತ್ತು.

ಬೀಗ ಹಾಕಿಸುತ್ತಾರೆ ಎಂದು ನಾನು ಹೆದರಿದ್ದ ಜನ ಅಲ್ಲೇ ನಿಂತಿದ್ದರು. ಮೊದಲು ಅಲುಗಾಡಿದವರು ಗುಮಾಸ್ತರು. ಮೇಜಿನ ಮೇಲಿದ್ದ ಅರ್ಜಿಯನ್ನು ಎತ್ತಿ ಎರಡು ತುಂಡು ಮಾಡಿದರು. ನಾಲ್ಕು ತುಂಡು ಮಾಡುವ ಮೊದಲು ಅಭ್ಯಾಸಬಲದಿಂದ ಅದರ ಮೇಲೆ "ವಿಲೇವಾರಿ" ಎಂದು ಬರೆದರು. ಬೇಕರಿಯವರು ಬಂದು, "ನಾಳೆ ಬರ್ತೀನಿ ಮಾಸ್ಟ್ರೇ. ಅಂಗಿ ಬಟ್ಟೆ ತರ್ತೀನಿ" ಎಂದರು. ಅವರು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಕೇಳಿ ವರ್ಷಗಳಾಗಿದ್ದವು.

ಮಾರನೆಯ ದಿನ, ಶುಕ್ರವಾರ ಬೆಳಿಗ್ಗೆ, ಅಂಗಡಿ ತೆಗೆಯುವ ಮೊದಲೇ ಗುಮಾಸ್ತರು ಬಾಗಿಲಲ್ಲಿದ್ದರು. ತೊಟ್ಟು ಬಂದಿದ್ದ ಹಳೇ ಕೋಟು ಬಿಚ್ಚಿ, ಕೈ ಅಗಲಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇನ್ನೇನಿದೆ ಮುಚ್ಚಿಡೋದು? ಇವತ್ತು ಎಳ್ಕೊಂಡಿಲ್ಲ. ಬಿಟ್ಟಿದೀನಿ. ಧಾರಾಳವಾಗಿ ಅಳೀರಿ."

ನಾನು ಅಪ್ಪನ ಫೋಟೋಗೆ ಎದುರಾಗಿಯೇ ಟೇಪು ತೆಗೆದೆ. ಸೊಂಟದ ಸುತ್ತ ಹಿಡಿದೆ. ಗುಮಾಸ್ತರು ಕನ್ನಡಿಯಲ್ಲಿ ತಮ್ಮನ್ನು ತಾವು ಹೆಮ್ಮೆಯಿಂದ ನೋಡಿಕೊಳ್ಳುತ್ತಿದ್ದರು. ಟೇಪಿನ ಲೋಹದ ತುದಿ ತಾಗಿದ ಕೂಡಲೇ, ಅವರಿಗೇ ಗೊತ್ತಿಲ್ಲದ ಹಾಗೆ, ಹೊಟ್ಟೆ ಮೆಲ್ಲಗೆ ಒಳಗೆ ಹೋಯಿತು.

"ಮೂವತ್ತೆಂಟು" ಎಂದೆ ಗಟ್ಟಿಯಾಗಿ.

ಬೆಟ್ಟದ ಚಿತ್ರದ ಮುಂದೆ ಕೂತಿದ್ದ ನನ್ನ ಹೆಂಡತಿ ತಲೆ ಎತ್ತದೆ ಎರಡು ಅಂಕಿ ಒತ್ತಿದಳು. ಬಗ್ಗಿ ನೋಡಿದೆ. ನಲವತ್ತು.

ನಾನು ಏನೂ ಹೇಳಲಿಲ್ಲ. ಗುಮಾಸ್ತರಿಗೆ ನೀರು ತಂದುಕೊಟ್ಟೆ.